ಹ್ಯಾರಿಸನ್‌ನಿಂದ ಕಂಡ ಷೇರುಪೇಟೆ: ಗಲ್ಫ್ ಗೆಳೆಯರಿಗೆ ಕೆಲವು ಮಾತು

ನ್ಯೂಜೆರ್ಸಿಯ ಹ್ಯಾರಿಸನ್ ಪಸೇಯಿಕ್ ನದಿಯ ದಂಡೆಯ ಪುಟ್ಟ ಊರು. ನದಿ ದಾಟಿದರೆ ನ್ಯೂವಾರ್ಕ್. ಇಲ್ಲಿಂದ ಪಾತ್ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಮ್ಯಾನ್‌ಹಟನ್‌ನ ವರ್ಲ್ಡ್ ಟ್ರೇಡ್ ಸೆಂಟರ್. ಅಲ್ಲಿಂದ ಸ್ವಲ್ಪ ನಡೆದರೆ ವಾಲ್ ಸ್ಟ್ರೀಟ್. ಶಾರ್ಜಾದಲ್ಲಿ ಹನ್ನೊಂದು ವರ್ಷ ಕಳೆದು ಇಲ್ಲಿಗೆ ಬಂದ ನಮಗೆ ಹಳೆಯ ಗೆಳೆಯರು ಫೋನ್ ಮಾಡಿದಾಗಲೆಲ್ಲ ಒಂದು ಪ್ರಶ್ನೆ ತಪ್ಪುವುದಿಲ್ಲ: "ನೀವು ಷೇರುಪೇಟೆಯ ಬಾಗಿಲಲ್ಲೇ ಇದ್ದೀರಿ. ಯಾವುದು ತಗೊಳ್ಳಬೇಕು ಹೇಳಿ ಮಾರಾಯ್ರೆ." ಬಾಗಿಲಲ್ಲಿ ನಿಂತವರಿಗೆ ಒಳಗಿನದೆಲ್ಲ ಗೊತ್ತಾಗುವ ಹಾಗಿದ್ದರೆ ಅಲ್ಲಿ ಹಾಟ್‌ಡಾಗ್ ಮಾರುವವನು ಕೋಟ್ಯಧಿಪತಿ ಆಗಬೇಕಿತ್ತು. ಯಾವ ಷೇರು ಎಂದು ನಾವು ಹೇಳಲಾರೆವು. ಆದರೆ ಗಲ್ಫ್‌ನ ಸಂಬಳ, ಅಮೆರಿಕದ ಸಂಬಳ ಎರಡನ್ನೂ ಉಂಡವರಾಗಿ, ಹೂಡಿಕೆಯ ಅಪಾಯ ಎಲ್ಲಿ ಕೂತಿರುತ್ತದೆ ಎಂಬುದರ ಬಗ್ಗೆ ನಾಲ್ಕು ಮಾತು ಬರೆಯಬಹುದು ಅನ್ನಿಸಿತು.

ನಮ್ಮ ಊರಿಗೂ ಷೇರುಪೇಟೆಗೂ ಹಳೆಯ ನಂಟಿದೆ. 1882ರಲ್ಲಿ ಥಾಮಸ್ ಎಡಿಸನ್ ತನ್ನ ಬಲ್ಬ್ ಕಾರ್ಖಾನೆಯನ್ನು ಮೆನ್ಲೋ ಪಾರ್ಕ್‌ನಿಂದ ಇಲ್ಲಿಗೆ ತಂದ. ಮುಂದೆ ಅದು ಜನರಲ್ ಎಲೆಕ್ಟ್ರಿಕ್ ಕಂಪನಿಯದಾಯಿತು. ರೇಡಿಯೊ ಪೆಟ್ಟಿಗೆಯೊಳಗೆ ಕೆಂಪಗೆ ಉರಿಯುತ್ತಿದ್ದ ವಾಲ್ವುಗಳನ್ನು ಇಲ್ಲಿ ತಯಾರಿಸುತ್ತಿದ್ದರು. ಮಾರುತ್ತಿದ್ದದ್ದು ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ, ಅಂದರೆ ಆರ್‌ಸಿಎ. 1930ರಲ್ಲಿ ಕಾರ್ಖಾನೆಯೇ ಆರ್‌ಸಿಎ ಕೈಸೇರಿತು, 1976ರಲ್ಲಿ ಮುಚ್ಚಿತು. ಹಳೆಯ ಕಾರ್ಖಾನೆಗಳಿದ್ದ ನದಿದಂಡೆಯಲ್ಲಿ ಈಗ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಅವುಗಳ ಲಿಫ್ಟಿನಲ್ಲಿ ಕನ್ನಡ, ತೆಲುಗು, ತಮಿಳು ಕೇಳಿಸುತ್ತದೆ.

1920ರ ದಶಕದಲ್ಲಿ ಆರ್‌ಸಿಎ ಷೇರಿಗೆ ಇದ್ದ ಹುಚ್ಚು ಇಂದು ಎಐ ಕಂಪನಿಗಳ ಷೇರಿಗೆ ಇರುವಂಥದ್ದೇ. ದಲ್ಲಾಳಿಗಳು ಅದನ್ನು ಸುಮ್ಮನೆ 'ರೇಡಿಯೊ' ಎನ್ನುತ್ತಿದ್ದರು. 1928ರ ಒಂದೇ ವರ್ಷದಲ್ಲಿ 85 ಡಾಲರಿನಿಂದ 420ಕ್ಕೆ ಏರಿತು. ಆ ಹೊತ್ತಿಗೆ ಕಂಪನಿ ಒಂದು ಡಾಲರ್ ಡಿವಿಡೆಂಡ್ ಕೂಡ ಹಂಚಿರಲಿಲ್ಲ. 1929ರ ಸೆಪ್ಟೆಂಬರ್‌ನಲ್ಲಿ ಹಳೆಯ ಲೆಕ್ಕದಲ್ಲಿ 500 ದಾಟಿತು. ಒಂದು ಷೇರನ್ನು ಐದಾಗಿ ಒಡೆದಿದ್ದರಿಂದ ಹೊಸ ಷೇರಿಗೆ ನೂರರ ಆಸುಪಾಸು ಎನ್ನಿ. ಅದೇ ಹೊಸ ಷೇರು 1932ರಲ್ಲಿ ಮೂರು ಡಾಲರಿಗಿಂತ ಕೆಳಗಿತ್ತು.

ರೇಡಿಯೊ ಸುಳ್ಳಾಗಿತ್ತೇ? ಇಲ್ಲ. ಮನೆಮನೆಗೂ ರೇಡಿಯೊ ಬಂತು, ಆಮೇಲೆ ಟಿವಿ ಬಂತು, ಹ್ಯಾರಿಸನ್‌ನ ಕಾರ್ಖಾನೆ ಇನ್ನೂ ನಾಲ್ಕು ದಶಕ ದುಡಿಯಿತು. ಕಂಪನಿ ಗೆದ್ದಿತು, ತುದಿಯಲ್ಲಿ ಕೊಂಡವನು ಸೋತ. ಒಳ್ಳೆಯ ಕಂಪನಿ ಬೇರೆ, ಒಳ್ಳೆಯ ಬೆಲೆ ಬೇರೆ. ನಮ್ಮ ಇನ್ಫೋಸಿಸ್‌ನ ಕಥೆಯಲ್ಲೂ ಇದು ಇದೆ. 1993ರ ಫೆಬ್ರವರಿಯಲ್ಲಿ ತಲಾ 95 ರೂಪಾಯಿಗೆ ಷೇರು ಕೊಡುತ್ತೇವೆ ಎಂದಾಗ ಸಾಕಷ್ಟು ಅರ್ಜಿಯೇ ಬರಲಿಲ್ಲ. ವಾಲ್ ಸ್ಟ್ರೀಟಿನ ಮಾರ್ಗನ್ ಸ್ಟಾನ್ಲಿ ಬಂದು ಉಳಿದದ್ದನ್ನು ಎತ್ತಿಕೊಂಡಿತು. ಜೂನ್‌ನಲ್ಲಿ ಪೇಟೆಗೆ ಬಂದಾಗ ಬೆಲೆ 145. ಏಳು ವರ್ಷದ ಬಳಿಕ, 2000ದ ಆರಂಭದಲ್ಲಿ, ಸಾಫ್ಟ್‌ವೇರ್ ಎಂದರೆ ಸಾಕು ಕಣ್ಣು ಮುಚ್ಚಿ ಕೊಳ್ಳುವ ಕಾಲ. ಆಗ ಕೊಂಡವರು ಕೈಗೆ ಅಸಲು ಬರಲು ವರ್ಷಗಟ್ಟಲೆ ಕಾದರು. ಆ ವರ್ಷಗಳಲ್ಲೂ ಕಂಪನಿ ಬೆಳೆಯುತ್ತಲೇ ಇತ್ತು. ಬೇಡ ಎಂದಾಗ ಅಗ್ಗ, ಎಲ್ಲರೂ ಬೇಕು ಎಂದಾಗ ದುಬಾರಿ. ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ರೇಟು ಇಳಿದರೆ ಎರಡು ಕೆ.ಜಿ. ಹೆಚ್ಚು ತರುವ ನಾವೇ, ಷೇರಿನ ರೇಟು ಇಳಿದರೆ ಹೆದರಿ ಇದ್ದದ್ದನ್ನೂ ಮಾರಿಬಿಡುತ್ತೇವೆ.

ಅರ್ಧಕ್ಕೆ ಇಳಿದ ಷೇರು ಮೊದಲಿನ ಜಾಗಕ್ಕೆ ಬರಬೇಕಾದರೆ ದುಪ್ಪಟ್ಟಾಗಬೇಕು, ಶೇ. 50 ಏರಿದರೆ ಸಾಲದು. ಈ ಸರಳ ಗಣಿತವನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಡೌ ಜೋನ್ಸ್ ಸೂಚ್ಯಂಕ 1929ರಲ್ಲಿ 381 ಮುಟ್ಟಿ, 1932ರಲ್ಲಿ 41ಕ್ಕೆ ಬಿದ್ದು, ಮತ್ತೆ 381 ನೋಡಿದ್ದು 1954ರಲ್ಲಿ. ಇದು ಕೆಟ್ಟದರಲ್ಲಿ ಕೆಟ್ಟ ಉದಾಹರಣೆ, ಒಪ್ಪುತ್ತೇವೆ. ಆದರೆ "ಷೇರು ಕೊನೆಗೆ ಏರಿಯೇ ಏರುತ್ತದೆ" ಎನ್ನುವವರನ್ನು ಆ ಕೊನೆ ಯಾವಾಗ ಎಂದು ಕೇಳಬೇಕು. ನಿಮ್ಮ ವೀಸಾ ಮುಗಿಯುವ ಮೊದಲೋ, ಆಮೇಲೋ?

ಗಲ್ಫ್‌ನಲ್ಲಿ ದುಡಿಯುವವನ ನಿಜವಾದ ಅಪಾಯ ಇಲ್ಲಿದೆ. 2020ರ ಜನವರಿ 20ರಂದು ಸೆನ್ಸೆಕ್ಸ್ 42,000ದ ಮೇಲೆ ಹೋಗಿತ್ತು. ಕೊರೊನಾ ಬಂತು. ಮಾರ್ಚ್ 23ರ ಒಂದೇ ದಿನ ಶೇ. 13ರಷ್ಟು ಕುಸಿದು 25,981ಕ್ಕೆ ಬಂದು ನಿಂತಿತು. ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ ಸೊನ್ನೆಗಿಂತ ಕೆಳಗಿಳಿಯಿತು. ಆ ತಿಂಗಳುಗಳು ಗಲ್ಫ್‌ನಲ್ಲಿ ಹೇಗಿದ್ದವು ಎಂದು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಿಲ್ಲ. ಅರ್ಧ ಸಂಬಳ, ಸಂಬಳವಿಲ್ಲದ ರಜೆ, ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಕ್ಕಾಗಿ ಹೆಸರು ಬರೆಸಿ ಕಾದದ್ದು. ಆ ವರ್ಷದ ಡಿಸೆಂಬರ್ 31ರಂದು ಸೆನ್ಸೆಕ್ಸ್ 47,751ರಲ್ಲಿ ಮುಗಿಯಿತು. ಅಂದರೆ ಒಂಬತ್ತು ತಿಂಗಳು ಕೈ ಕಟ್ಟಿ ಕೂತವನಿಗೆ ನಷ್ಟವೇ ಇಲ್ಲ. ಆದರೆ ಕೆಲಸ ಹೋದವನು ಕೈ ಕಟ್ಟಿ ಕೂರುವುದು ಹೇಗೆ? ರೂಮಿನ ಬಾಡಿಗೆ, ಊರಿನ ಮನೆಯ ಕಂತು, ಮಗಳ ಫೀಸು. ಅವನು ಏಪ್ರಿಲ್‌ನಲ್ಲಿ ಮಾರಿದ, ಮಾರಲೇಬೇಕಾಯಿತು. ಅವನ ನಷ್ಟಕ್ಕೆ ಕಾರಣ ಪೇಟೆ ಇಳಿದದ್ದು ಮಾತ್ರವಲ್ಲ; ಪೇಟೆ ಇಳಿದದ್ದೂ ಸಂಬಳ ನಿಂತದ್ದೂ ಒಟ್ಟಿಗೆ ಆದದ್ದು.

ತೈಲ, ಕೆಲಸ, ಷೇರು ಮೂರೂ ಒಂದೇ ಗಾಳಿಗೆ ಬೀಳುವ ಮರಗಳಾದರೆ, ಷೇರಿಗೆ ಕೈ ಹಾಕುವ ಮೊದಲು ಬೇರೆ ಕಡೆ ಒಂದು ಗೂಟ ಇರಬೇಕು. ಕನಿಷ್ಠ ಆರು ತಿಂಗಳ ಖರ್ಚು, ಅಂದರೆ ಇಲ್ಲಿಯ ಖರ್ಚೂ ಊರಿಗೆ ಕಳಿಸುವ ಮೊತ್ತವೂ ಸೇರಿ, ಎನ್‌ಆರ್‌ಇ ಠೇವಣಿಯಲ್ಲಿ. ವಿಮಾನದ ಟಿಕೆಟ್‌ಗಳಿಗೆ ಬೇಕಾದ ಹಣ ಗಲ್ಫ್‌ನ ಖಾತೆಯಲ್ಲೇ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಣವನ್ನು ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ಇದರಿಂದ ದೊಡ್ಡ ಲಾಭವೇನೂ ಬರುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಷೇರು ಮಾರದೆ ಇರಲು ಬೇಕಾದ ಧೈರ್ಯ ಇರುವುದು ಇದೇ ಹಣದಲ್ಲಿ.

ಇಲ್ಲಿ ಅಮೆರಿಕದಲ್ಲಿ ನಾವು ಕಂಡ ಒಂದು ವ್ಯವಸ್ಥೆಯ ಬಗ್ಗೆ ಹೇಳಬೇಕು. ಕಂಪನಿಗಳಲ್ಲಿ 401(ಕೆ) ಎಂಬ ನಿವೃತ್ತಿ ಖಾತೆ ಇರುತ್ತದೆ. 1978ರ ತೆರಿಗೆ ಕಾನೂನಿನ ಕಲಮಿನ ಸಂಖ್ಯೆಯೇ ಅದರ ಹೆಸರಾಗಿ ಉಳಿದಿದೆ. ಸಂಬಳ ಕೈಗೆ ಬರುವ ಮೊದಲೇ ಒಂದು ಪಾಲು ಕಡಿತವಾಗಿ ಷೇರು ಮತ್ತು ಬಾಂಡ್ ಫಂಡುಗಳಿಗೆ ಹೋಗುತ್ತದೆ. ಹಲವು ಕಂಪನಿಗಳು ತಾವೂ ಒಂದಿಷ್ಟು ಸೇರಿಸುತ್ತವೆ. ಐವತ್ತೊಂಬತ್ತೂವರೆ ವಯಸ್ಸಿನ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆ ಶೇ. 10 ದಂಡ. ಮೊದಮೊದಲು ನಮಗೆ ಇದು ನಮ್ಮದೇ ಹಣಕ್ಕೆ ಬೇರೆಯವರು ಹಾಕಿದ ಬೀಗ ಅನ್ನಿಸಿತ್ತು. ಈಗ ಅನ್ನಿಸುವುದು, ಹ್ಯಾರಿಸನ್‌ನ ನಮ್ಮ ನೆರೆಯವರು ಷೇರುಪೇಟೆಯಲ್ಲಿ ನಮಗಿಂತ ಜಾಣರೇನಲ್ಲ. ಅವರನ್ನು ಅವರಿಂದಲೇ ಕಾಪಾಡುವ ಒಂದು ಗೋಡೆ ಇದೆ, ಅಷ್ಟೆ. ಪೇಟೆ ಬಿದ್ದ ದಿನವೂ ಕಡಿತ ನಿಲ್ಲುವುದಿಲ್ಲ, ಹೀಗಾಗಿ ಅಗ್ಗದಲ್ಲೂ ಕೊಂಡಿರುತ್ತಾರೆ.

ಗಲ್ಫ್‌ನಲ್ಲಿ ಬಹುಪಾಲು ನಮ್ಮವರಿಗೆ ಆ ಗೋಡೆ ಇಲ್ಲ. ಪಿಂಚಣಿ ಇಲ್ಲ, ಇರುವುದು ಗ್ರಾಚ್ಯುಟಿ. ಯುಎಇ ಲೆಕ್ಕ ತೆಗೆದುಕೊಳ್ಳಿ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಒಟ್ಟು ಸಂಬಳ ಎಷ್ಟೇ ಇರಲಿ, ಮೂಲವೇತನ 2,000 ದಿರ್ಹಮ್ ಇರುವವನಿಗೆ ಹತ್ತು ವರ್ಷಕ್ಕೆ 255 ದಿನದ ವೇತನ, ಅಂದರೆ 17,000 ದಿರ್ಹಮ್. ಹತ್ತು ವರ್ಷದ ಬೆವರಿಗೆ ಕೊನೆಯಲ್ಲಿ ಸಿಗುವುದು ಇಷ್ಟು. ಅದೇ ಮನುಷ್ಯ ತಿಂಗಳಿಗೆ 300 ದಿರ್ಹಮ್ ತಾನೇ ಎತ್ತಿಟ್ಟರೆ ಹತ್ತು ವರ್ಷಕ್ಕೆ ಅಸಲೇ 36,000. ಅದು ಬೆಳೆದದ್ದೋ ಕುಗ್ಗಿದ್ದೋ ಆಮೇಲಿನ ಮಾತು.

ಸಂಬಳ ಬಂದ ಮರುದಿನ ಊರಿಗೆ ಹಣ ಕಳಿಸುವ ಶಿಸ್ತು ನಮ್ಮವರಿಗೆ ಹೊಸದಲ್ಲ. ಅದೇ ದಿನಕ್ಕೆ ಎನ್‌ಆರ್‌ಇ ಖಾತೆಯಿಂದ ಮ್ಯೂಚುವಲ್ ಫಂಡಿನ ಎಸ್‌ಐಪಿ ಕಡಿತ ಇಟ್ಟುಕೊಂಡರೆ ಗೋಡೆಯ ಒಂದು ಸಾಲು ಇಟ್ಟ ಹಾಗೆ. ಇಡೀ ಸೂಚ್ಯಂಕವನ್ನೇ ಕೊಳ್ಳುವ ಇಂಡೆಕ್ಸ್ ಫಂಡುಗಳಿವೆ, ಖರ್ಚು ಕಡಿಮೆ, ಯಾವ ಕಂಪನಿ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಐದಾರು ವರ್ಷದೊಳಗೆ ಬೇಕಾಗುವ ಹಣವನ್ನು, ತಂಗಿಯ ಮದುವೆಯದ್ದೋ ಮನೆಯ ಸ್ಲ್ಯಾಬಿನದ್ದೋ, ಇದಕ್ಕೆ ಹಾಕಬಾರದು. ಅಷ್ಟು ಗಟ್ಟಿಯಾಗಿ ಹೇಳುತ್ತೇವೆ.

ಗೋಡೆಗೆ ಕನ್ನ ಹಾಕುವುದು ಕೈಯಲ್ಲಿರುವ ಫೋನು. ಗಲ್ಫ್‌ನ ಗಡಿಯಾರ ಈ ವಿಷಯದಲ್ಲಿ ಕೆಟ್ಟ ಜಾಗದಲ್ಲಿದೆ: ದುಬೈ ಸಮಯ ಬೆಳಗ್ಗೆ 7.45ಕ್ಕೆ ಮುಂಬೈ ಪೇಟೆ ತೆರೆದು ಮಧ್ಯಾಹ್ನ 2ಕ್ಕೆ ಮುಚ್ಚುತ್ತದೆ. ಬೇಸಿಗೆಯಲ್ಲಿ ಸಂಜೆ 5.30ಕ್ಕೆ, ಚಳಿಗಾಲದಲ್ಲಿ 6.30ಕ್ಕೆ ನ್ಯೂಯಾರ್ಕ್ ತೆರೆಯುತ್ತದೆ. ಸೈಟ್ ಬಸ್ಸಿನಲ್ಲಿ ಒಂದು, ರೂಮಿಗೆ ಬಂದ ಮೇಲೆ ಇನ್ನೊಂದು. ಬ್ರಾಡ್ ಬಾರ್ಬರ್ ಮತ್ತು ಟೆರನ್ಸ್ ಓಡಿಯನ್ ಎಂಬ ಅಮೆರಿಕದ ಇಬ್ಬರು ಅಧ್ಯಾಪಕರು 1991ರಿಂದ 1996ರವರೆಗೆ ಒಂದು ಬ್ರೋಕರ್ ಕಂಪನಿಯ 66,465 ಕುಟುಂಬಗಳ ಖಾತೆ ನೋಡಿದರು. ಪೇಟೆ ವರ್ಷಕ್ಕೆ ಶೇ. 17.9 ಕೊಟ್ಟ ಆ ಕಾಲದಲ್ಲಿ ಅತಿ ಹೆಚ್ಚು ಕೊಂಡು ಮಾರಿದವರ ಕೈಗೆ ಬಂದದ್ದು ಶೇ. 11.4. ಆ ಕಾಲದಲ್ಲಿ ಫೋನಿನ ಆ್ಯಪ್ ಕೂಡ ಇರಲಿಲ್ಲ. ನಮ್ಮಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ಇನ್ನೂ ಘೋರ: ಮೂರು ಹಣಕಾಸು ವರ್ಷಗಳಲ್ಲಿ ಶೇ. 93ರಷ್ಟು ವೈಯಕ್ತಿಕ ವ್ಯಾಪಾರಿಗಳಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಎನ್‌ಆರ್‌ಐಗಳಿಗೆ ಒಂದೇ ದಿನ ಕೊಂಡು ಮಾರುವ ಇಂಟ್ರಾಡೇಗೆ ಅವಕಾಶವಿಲ್ಲ. ಆದರೂ ಊರಿನ ತಮ್ಮನ ಹೆಸರಿನ ಖಾತೆಯಲ್ಲಿ ಆಡುವವರಿದ್ದಾರೆ. ಲಾಭ ಬಂದರೆ ತೆರಿಗೆ ತಮ್ಮನಿಗೆ, ನಷ್ಟ ಬಂದರೆ ಜಗಳ ಅಮ್ಮನ ಎದುರಿಗೆ.

ಕಳೆದುಕೊಳ್ಳುವ ನೋವು ಗಳಿಸುವ ಖುಷಿಗಿಂತ ಸುಮಾರು ಎರಡು ಪಟ್ಟು ಎಂದು ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟರು. ಮನೆ ಬಿಟ್ಟು ಬಂದು ಮರಳುಗಾಡಿನಲ್ಲಿ ಗಳಿಸಿದ ಹಣಕ್ಕೆ ಆ ನೋವು ಎರಡಲ್ಲ, ನಾಲ್ಕು ಪಟ್ಟು ಎಂದು ನಾವು ಸೇರಿಸುತ್ತೇವೆ. ಅದಕ್ಕೇ "ಏರಿಳಿತವೇ ಇಲ್ಲ, ತಿಂಗಳು ತಿಂಗಳು ಇಷ್ಟು ಗ್ಯಾರಂಟಿ" ಎನ್ನುವವನ ಮಾತು ನಮ್ಮವರ ಕಿವಿಗೆ ಜೇನು.

ನ್ಯೂಯಾರ್ಕ್‌ನಲ್ಲಿ ಬರ್ನಾರ್ಡ್ ಮೇಡಾಫ್ ಎಂಬಾತ ಇದ್ದ. ನಾಸ್ಡಾಕ್ ಷೇರುಪೇಟೆಯ ಅಧ್ಯಕ್ಷನಾಗಿದ್ದವನು, ಅಂದರೆ ಬೀದಿಯ ಮೋಸಗಾರನಲ್ಲ. ಪೇಟೆ ಏರಲಿ ಇಳಿಯಲಿ, ಅವನ ಗಿರಾಕಿಗಳ ಖಾತೆ ಒಂದೇ ಹದದಲ್ಲಿ ಏರುತ್ತಿತ್ತು. ಅದು ದುರಾಸೆ ಹುಟ್ಟಿಸುವ ದರವೂ ಆಗಿರಲಿಲ್ಲ. ಜನ ಕೊಂಡದ್ದು ನೆಮ್ಮದಿಯನ್ನು. 2008ರ ಡಿಸೆಂಬರ್ 11ರಂದು ಅವನ ಬಂಧನವಾದಾಗ ಕಾಗದದ ಮೇಲೆ ಸುಮಾರು 65 ಶತಕೋಟಿ ಡಾಲರ್ ಇತ್ತು, ಪೆಟ್ಟಿಗೆಯಲ್ಲಿ ಇರಲಿಲ್ಲ. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಕೊಡುತ್ತಿದ್ದ. ಶಿಕ್ಷೆ 150 ವರ್ಷ.

ದುಬೈನ ಎಕ್ಸೆನ್ಶಿಯಲ್ ನೆನಪಿರಬೇಕು. 25,000 ಡಾಲರ್ ಇಟ್ಟರೆ ಫಾರೆಕ್ಸ್ ವ್ಯಾಪಾರದಿಂದ ವರ್ಷಕ್ಕೆ ಶೇ. 120 ಎಂದಿತ್ತು. 2018ರಲ್ಲಿ ನ್ಯಾಯಾಲಯ ಅದನ್ನು ನಡೆಸುತ್ತಿದ್ದವರಿಗೆ ತಲಾ 500 ವರ್ಷಕ್ಕೂ ಮೀರಿದ ಶಿಕ್ಷೆ ಕೊಟ್ಟಿತು. ಬೆಂಗಳೂರಿನ ಶಿವಾಜಿನಗರದ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಅದರ ಮುಂದೆ ಸೇರಿದ ಜನರಲ್ಲಿ ಮಗಳ ಮದುವೆಗೆ ಕೂಡಿಟ್ಟವರು, ಗಲ್ಫ್‌ನಿಂದ ಕಳಿಸಿದ ಹಣ ಇಟ್ಟವರು ಎಷ್ಟೋ. ಬಡ್ಡಿ ಬೇಡ ಎನ್ನುವ ನಂಬಿಕೆಯ ಜನರಿಗೆ 'ಹಲಾಲ್ ಲಾಭ' ಎಂಬ ಮಾತು ಹಿಡಿಸಿತ್ತು. ತಿಂಗಳು ತಿಂಗಳು ಬರುವ ಹಣ ಅನುಮಾನವನ್ನು ಮುಚ್ಚಿತ್ತು. ಅಂಥ ನಂಬಿಕೆಯವರಿಗೆ ಸೆಬಿಯ ನಿಯಮಕ್ಕೆ ಒಳಪಟ್ಟ, ಶರಿಯತ್ತಿಗೆ ಹೊಂದುವ ಮ್ಯೂಚುವಲ್ ಫಂಡುಗಳೇ ಇವೆ. ಅವು ಏರುತ್ತವೆ, ಇಳಿಯುತ್ತವೆ. ಷೇರಿನ ಹಣವೆಂದರೆ ಅಲುಗಾಡಬೇಕು. ವ್ಯಾಪಾರದ ಲಾಭ ಎಂದು ಹೇಳಿ ಅಲುಗಾಡದೆ ನಿಂತ ಹಣ ಕಂಡರೆ ಹೆದರಬೇಕು. ಈಗ ಇದೇ ಆಟ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಿಗೆ ಬಂದಿದೆ: ನಕಲಿ ಆ್ಯಪ್, ಪರದೆಯ ಮೇಲೆ ಲಾಭ, ತೆಗೆಯಲು ಹೋದರೆ "ಮೊದಲು ತೆರಿಗೆ ಕಟ್ಟಿ". ಸಲಹೆ ಕೊಡುವವನ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ತಾಣದಲ್ಲಿ ಹೋಲಿಸಿ ನೋಡಲು ಐದು ನಿಮಿಷ ಸಾಕು.

ಗಲ್ಫ್‌ನಲ್ಲಿ ಕೂತು ಅಮೆರಿಕದ ಷೇರು ಕೊಳ್ಳುವ ಆ್ಯಪ್‌ಗಳು ಈಗ ಬಹಳ. ಟೆಸ್ಲಾ, ಆಪಲ್ ಎಂದರೆ ಹುಡುಗರಿಗೆ ಉಮೇದು. ಜಾಹೀರಾತಿನಲ್ಲಿ ಇಲ್ಲದ ಎರಡು ಸಂಗತಿ ಇವೆ. ಯುಎಇ, ಸೌದಿಯಲ್ಲಿರುವವರಿಗೆ ಬರುವ ಡಿವಿಡೆಂಡ್‌ನಲ್ಲಿ ಅಮೆರಿಕ ಶೇ. 30 ಹಿಡಿದುಕೊಳ್ಳುತ್ತದೆ. ಎರಡನೆಯದು ದೊಡ್ಡದು: ಅಮೆರಿಕದವನಲ್ಲದ ವ್ಯಕ್ತಿ ತೀರಿಕೊಂಡಾಗ ಅವನ ಹೆಸರಲ್ಲಿ 60,000 ಡಾಲರಿಗಿಂತ ಹೆಚ್ಚಿನ ಅಮೆರಿಕದ ಷೇರು ಇದ್ದರೆ, ಮೇಲಿನ ಮೊತ್ತಕ್ಕೆ ಶೇ. 40ರವರೆಗೂ ಎಸ್ಟೇಟ್ ತೆರಿಗೆ ಬೀಳಬಹುದು. ಹೆಂಡತಿ ಮಕ್ಕಳು ಅದನ್ನು ಬಿಡಿಸಿಕೊಳ್ಳುವುದು ಸುಲಭವಲ್ಲ. ಇನ್ನು ನಮ್ಮ ಹಾಗೆ ಗಲ್ಫ್‌ನಿಂದ ಅಮೆರಿಕಕ್ಕೆ ಬರುವ ಯೋಚನೆ ಇದ್ದವರು, ಬರುವ ಮೊದಲೇ ಒಬ್ಬ ತೆರಿಗೆ ಬಲ್ಲವರ ಹತ್ತಿರ ಕೂತು ಮಾತಾಡಿ. ಇಲ್ಲಿಗೆ ಬಂದ ಮೇಲೆ ಭಾರತದ ಮ್ಯೂಚುವಲ್ ಫಂಡುಗಳಿಗೆ ಇಲ್ಲಿನ ತೆರಿಗೆ ಲೆಕ್ಕ ತೀರಾ ಜಟಿಲ; ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ವರದಿ ಕೊಡಬೇಕು.

ಭಾರತದಲ್ಲೂ ಕಾಗದಪತ್ರ ಸರಿ ಇರಲಿ. ಗಲ್ಫ್‌ಗೆ ಬಂದು ವರ್ಷಗಳಾದರೂ ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೇ ಬಳಸುವವರಿದ್ದಾರೆ. ಎನ್‌ಆರ್‌ಐ ಆದ ಮೇಲೆ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು ಎಂಬುದು ಕಾನೂನು. ನಾಮಿನಿ ಹೆಸರು ಬರೆಸಿ. ಬರೆಸಿದರೆ ಸಾಲದು, ಯಾವ ಫಂಡು, ಯಾವ ಖಾತೆ ಎಂದು ಮನೆಯವರಿಗೂ ಒಂದು ಕಾಗದದಲ್ಲಿ ಬರೆದುಕೊಡಿ.

ಕರಾವಳಿಯವರಿಗೆ ಇನ್ನೊಂದು ಕೆಲಸವಿದೆ. ನಮ್ಮ ಕಡೆಯ ಮನೆಗಳಲ್ಲಿ ಅಪ್ಪನೋ ಮಾವನೋ ಅಭಿಮಾನದಿಂದ ಕೊಂಡ ಬ್ಯಾಂಕ್ ಷೇರುಗಳ ಪತ್ರ ಕಪಾಟಿನ ಲಾಕರಿನಲ್ಲಿ, ಒಡವೆಯ ಡಬ್ಬದ ಕೆಳಗೆ ಇರುವುದುಂಟು. ಆ ಬ್ಯಾಂಕುಗಳ ಹೆಸರೇ ಈಗಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು, 1,000 ಷೇರಿಗೆ 402 ಕೊಟ್ಟರು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ ಸೇರಿತು, 1,000ಕ್ಕೆ 158. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, 1,000ಕ್ಕೆ 330. ಪತ್ರ ಹಳೆಯದಾಯಿತೆಂದು ಎಸೆಯಬೇಡಿ, ಹಕ್ಕು ಹೊಸ ಬ್ಯಾಂಕಿನ ಷೇರಿನಲ್ಲಿ ಉಳಿದಿದೆ. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ಪಡೆಯದೆ ಇದ್ದರೆ ಷೇರು ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ, ಐಇಪಿಎಫ್‌ಗೆ, ಹೋಗುತ್ತದೆ. ಅಲ್ಲಿಂದಲೂ ವಾಪಸ್ ಪಡೆಯಬಹುದು. ಮೊದಲು ಬ್ಯಾಂಕಿನ ಷೇರು ವಿಭಾಗಕ್ಕೆ ಹಳೆಯ ಫೋಲಿಯೊ ಸಂಖ್ಯೆ ಕೊಟ್ಟು ವಿಚಾರಿಸಬೇಕು, ಹೆಸರು ಮತ್ತು ವಾರಸುದಾರಿಕೆಯ ದಾಖಲೆ ಹೊಂದಿಸಬೇಕು, ಒಂದು ಡಿಮ್ಯಾಟ್ ಖಾತೆ ತೆರೆಯಬೇಕು, ಆಮೇಲೆ ಐಇಪಿಎಫ್-5 ಎಂಬ ಅರ್ಜಿ. ಸರ್ಕಾರ ಈ ಅರ್ಜಿಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ. "ನಿಮ್ಮ ಷೇರು ಬಿಡಿಸಿಕೊಡುತ್ತೇವೆ, ಶೇ. 20 ಕೊಡಿ" ಎಂದು ಬರುವ ಏಜೆಂಟರು ತುಂಬುವುದೂ ಇದೇ ಅರ್ಜಿಯನ್ನೇ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ಅದಕ್ಕೆ ಇಡಿ. ಫೋಲಿಯೊ ಸಂಖ್ಯೆ ಷೇರುಪತ್ರದ ಮೇಲೆಯೇ ಅಚ್ಚಾಗಿರುತ್ತದೆ.